ಮುನ್ನೂರು ರೂಪಾಯಿಯವರೆಗೆ

ಮೊದಲು ಬಾಗಿಲ ಬಳಿ ಒಂದು ಬೆಂಚಿತ್ತು.
ಪೆರ್ಲ ಪೇಟೆಯವರಿಗೆಲ್ಲ ಗೊತ್ತು ಅದು,
ದೂರು ತಂದವರು ಕೂರುವ ಬೆಂಚು.
ಹುಳ ಬಿದ್ದ ರವೆ ಮಡಿಲಲ್ಲಿ,
ಕಮಟು ಎಣ್ಣೆಯ ಬಾಟಲಿ ಕಾಲ ಬುಡದಲ್ಲಿ.
"ಧಣಿ ಬರಲಿ" ಅನ್ನುತ್ತಿದ್ದೆ.
ಧಣಿ ಉಪ್ಪಳಕ್ಕೆ ಹೋದರೆ ಬರುವುದು
ಅಸರಿನ ಬಾಂಕ್ ಕೊಟ್ಟ ಮೇಲೆ.
"ಹಾಗಾದರೆ ನಾಳೆ ಬನ್ನಿ."

ಹಿಂದೆ ದೆವ್ವಕ್ಕೆ ಹೆದರಿ
ಬಾಗಿಲ ಮೇಲೆ ಬರೆಯುತ್ತಿದ್ದರಂತೆ: ನಾಳೆ ಬಾ.
ನಾವು ಬರೆದಿರಲಿಲ್ಲ, ಬಾಯಲ್ಲೇ ಇತ್ತು.
ಕನ್ನಡ, ತುಳು, ಮಲಯಾಳ
ಮೂರೂ ಬರುತ್ತದೆಂದೇ ನನ್ನನ್ನು ಕೆಲಸಕ್ಕೆ ಇಟ್ಟದ್ದು,
ಮೂರರಲ್ಲೂ ಇಲ್ಲ ಅನ್ನಲಿಕ್ಕೆ.

ಒಂದು ದಿನ ಬೀಫಾತುಮ್ಮ
ಮಗುವಿನ ಹಾಲುಪುಡಿಯ ಡಬ್ಬಿ ಹಿಡಿದು
ಹತ್ತು ಗಂಟೆಗೆ ಕೂತವಳು, ಮೂರಕ್ಕೆ ಎದ್ದು ಹೋದಳು.
ಡಬ್ಬಿ ಕೂತೇ ಇತ್ತು.
ಅಂದುಂಞಿಚ್ಚ ಬಂದವರು ಅದನ್ನು ನೋಡಿದರು,
ಮುಚ್ಚಳ ತೆಗೆದು ಮೂಸಿದರು,
ನನಗೆ ಬೈಯಲಿಲ್ಲ.
ಮರುದಿನ ಬೆಂಚು ಗೋದಾಮಿಗೆ ಹೋಯಿತು,
ನನ್ನೆದುರು ಒಂದು ನೋಟ್ ಪುಸ್ತಕ ಬಂತು.
"ಮುನ್ನೂರು ರೂಪಾಯಿಯವರೆಗೆ ನನ್ನನ್ನು ಕೇಳಬೇಡ, ಜಲಜಾಕ್ಷಿ.
ಕೊಡು. ಬರೆದಿಡು. ಅಷ್ಟೆ."

ಅಷ್ಟೆ ಅಂದರೆ ಎಷ್ಟು ಎಂದು
ರಾತ್ರಿಯಿಡೀ ಲೆಕ್ಕ ಹಾಕಿದೆ.
ಮೊದಲ ದಿನ ಹದಿನೆಂಟು ರೂಪಾಯಿಯ ಉಪ್ಪಿಗೆ
ಮೂರು ಸಲ ಬಾಗಿಲ ಕಡೆ ನೋಡಿದೆ,
ಕಳ್ಳಿಯ ಹಾಗೆ.

ಆಮೇಲೆ ಕೈ ಪಳಗಿತು.
ಮೊಟ್ಟೆ ಎರಡು ಒಡೆದದ್ದು. ಹದಿನಾಲ್ಕು.
ಬೆಲ್ಲದಲ್ಲಿ ಕಲ್ಲು, ಕಲ್ಲನ್ನೂ ತಂದಿದ್ದರು. ಐವತ್ತೈದು.
ಪೊಟ್ಟಣ ತಾರದೆ ಬರೇ ಮಾತು ತಂದವರಿಗೆ:
ನಂಬಿದೆ. ನಲವತ್ತು.

ದೇಯಿಯಕ್ಕ ಬಂದರು,
ಕತ್ತರಿಸಿದ ಪುಟ್ಟುಪುಡಿಯ ಪೊಟ್ಟಣ ಹಿಡಿದು.
ನೀರುದೋಸೆಗೆಂದು ಒಯ್ದದ್ದು,
ಕಾವಲಿಯಲ್ಲಿ ಏಳಲೇ ಇಲ್ಲವಂತೆ.
"ನಾಲ್ಕನೇ ಕ್ಲಾಸು ಓದಿದವಳು ಮಗಾ ನಾನು,
ಈ ಅಕ್ಷರ ಮಾತ್ರ
ನನ್ನ ಮುಖ ನೋಡುವುದಿಲ್ಲ."
ಪೊಟ್ಟಣದ ಮೇಲೆ ಎಲ್ಲ ಮಲಯಾಳ,
ದುಂಡಗೆ, ಚಂದಕ್ಕೆ.
ಅಕ್ಕಿಹಿಟ್ಟು ಕೊಟ್ಟೆ. ಅರುವತ್ತೆರಡು ರೂಪಾಯಿ.
ಕಾರಣ ಎಂಬಲ್ಲಿ ಬರೆದೆ:
ಅಕ್ಷರದ ತಪ್ಪು.

ತಿಂಗಳ ಕೊನೆಗೆ ಓದಿ ಹೇಳುವವಳೂ ನಾನೇ.
ಅಂದುಂಞಿಚ್ಚನಿಗೆ ಕನ್ನಡ ಓದಲು ಬಾರದು.
ಬೆರಳು ಒಂದು ಸಾಲನ್ನು ಹಾರಿದರೆ
ಕೇಳುವವರಿಲ್ಲ.
ಹದಿನೇಳನೇ ತಾರೀಕಿನಲ್ಲಿ ಬೆರಳು ನಿಂತಿತು.
ಎದುರಂಗಡಿಯ ಚೀಲದ ಅಕ್ಕಿ,
ನಮ್ಮದೆಂದು ಸಾಧಿಸಿದವನು, ಹೊಸ ಶರ್ಟಿನವನು,
ಹಿಂದೆ ಸಾಲು ಬೆಳೆಯುತ್ತಿತ್ತು.
ಇನ್ನೂರ ಎಂಬತ್ತು.
ಓದಿದೆ.
"ಆಗಲೇ ನಿನಗೆ ಗೊತ್ತಿತ್ತಾ?"
"ಗೊತ್ತಿತ್ತು."
ಫ್ಯಾನ್ ತಿರುಗುವುದು ಕೇಳುತ್ತಿತ್ತು.
"ಹ್ಞಾಂ. ಮುಂದಿನದ್ದು ಓದು."

ಮೊನ್ನೆ ಕರೆಂಟ್ ಆಫೀಸಿಗೆ ಹೋಗಿದ್ದೆ.
ಎರಡು ಬಲ್ಬಿನ ಮನೆಗೆ ನಾಲ್ಕು ಸಾವಿರದ ಬಿಲ್ಲು.
ಕಿಟಕಿಯ ಹುಡುಗ ನೋಡಿದ,
ತಪ್ಪೆಂದು ಅವನಿಗೂ ಕಂಡಿತು, ನನಗೆ ಕಂಡದ್ದು ಅವನಿಗೆ ಕಂಡದ್ದು.
"ಸಾರ್ ಬರಲಿ" ಅಂದ.
ಬೆಂಚಿನಲ್ಲಿ ಕೂತೆ.
ಸಿಟ್ಟು ಬರಬೇಕಿತ್ತು,
ಅವನ ಪೆನ್ನನ್ನೇ ನೋಡುತ್ತಿದ್ದೆ.
ಮಧ್ಯಾಹ್ನದವರೆಗೂ ಮುಚ್ಚಳ ತೆಗೆಯಲಿಲ್ಲ ಅವನು.

ಆದಿತ್ಯವಾರ ಅವನೇ ಬಂದ ಅಂಗಡಿಗೆ,
ಕೈಯಲ್ಲಿ ಒಡೆದ ಹಾಲಿನ ಪ್ಯಾಕೆಟು.
ನನ್ನ ಗುರುತು ಹತ್ತಿತೋ ಇಲ್ಲವೋ,
ಏನೂ ಹೇಳದೆ ಅತ್ತಿತ್ತ ನೋಡಿದ.
ಕೂರಲು ಜಾಗ ಹುಡುಕುತ್ತಿದ್ದ.

"ಕೂರುವುದು ಬೇಡ" ಅಂದೆ,
ಬೇರೆ ಪ್ಯಾಕೆಟು ಅವನ ಕೈಗಿಟ್ಟೆ.
ಇಪ್ಪತ್ತೆಂಟು ರೂಪಾಯಿ.
ಹಾಲು ಒಡೆದಿತ್ತು ಎಂದು ಬರೆದೆ.
ಒಡೆದದ್ದು ಹೌದು.